ಎಡಗಡೆ ಎರಡು ಬೆರಳು ಎತ್ತರ

ನಮ್ಮ ಬೀದಿಯಲ್ಲಿ ಆ ಉದ್ದ ಮೂತಿಯ ಕೆಂಪು ಕಾರನ್ನು ನಡೆಸಿದ ಒಬ್ಬಳೇ ಹೆಂಗಸು ನಾನು. ಹೋದಲ್ಲೆಲ್ಲ ಹೀಗೆ ಹೇಳಿಕೊಳ್ಳುತ್ತೇನೆ. ಅರ್ಧ ಸುಳ್ಳು, ಒಪ್ಪಿಕೊಂಡೆ. ಅವತ್ತು ಆ ಕಾರಿಗೆ ಎಂಜಿನ್ ಇತ್ತೇ ಹೊರತು ಜೀವ ಇರಲಿಲ್ಲ. ಹಿಂದಿನಿಂದ ಹದಿನಾಲ್ಕು ಗಂಡಸರು ತಳ್ಳುತ್ತಿದ್ದರು. ಒಳಗೆ ಕೂತು ಸ್ಟಿಯರಿಂಗ್ ಹಿಡಿಯಲು ಒಬ್ಬರು ಬೇಕಿತ್ತು, ತಳ್ಳಲು ಕೈಲಾಗದವಳು ಬೀದಿಗೆಲ್ಲ ನಾನೊಬ್ಬಳೇ. ಹದಿನಾಲ್ಕು ಅಂದೆನೇ? ಐದು ಜನ ಇದ್ದರು ಅಂತಿಟ್ಟುಕೊಳ್ಳಿ. ಆದರೂ ಗ್ಯಾರೇಜು ಮುಟ್ಟುವವರೆಗೆ ನನ್ನ ಕೈಯಲ್ಲಿ ಯಾರಿಗೂ ನೋವಾಗಲಿಲ್ಲ. ಆಮೇಲೆ ಅದನ್ನು ನಡೆಸಿದವನ ಬಗ್ಗೆ ಆ ಮಾತು ಹೇಳಲು ಬರುವುದಿಲ್ಲ. ಕಥೆ ಅವನದು.

ಅವನಿಗೆ ಬೀದಿಯವರು ಇಟ್ಟ ಹೆಸರು ತಕ್ಕಡಿ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವನಿಗೆ ಕೆಲಸ. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಲ್ಲುತ್ತದೋ ಇಲ್ಲವೋ ನೋಡಿ ಮುದ್ರೆ ಒತ್ತಬೇಕು. ಇಪ್ಪತ್ತನಾಲ್ಕು ವರ್ಷ ಅದನ್ನೇ ನೋಡಿ ನೋಡಿ, ಲೋಕದಲ್ಲಿ ಏನು ಓರೆಯಾಗಿ ಕಂಡರೂ ಅವನಿಗೆ ಕಣ್ಣಲ್ಲಿ ಕಸ ಬಿದ್ದ ಹಾಗಾಗುತ್ತಿತ್ತು. ಅವನ ಮದುವೆ ಮಾತು ಮೂರು ಸಲ ಮುರಿಯಿತು. ಮೂರು ಸಲವೂ ಹುಡುಗಿಯ ಮನೆಯ ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡಲು ಹೋಗಿ ಗಾಜು ಒಡೆದು ಬಂದಿದ್ದ. ನಲವತ್ತೆಂಟು ದಾಟಿತು, ತಲೆಯ ಬೈತಲೆ ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

ಮನೆಯಲ್ಲಿ ಅವನು ಮತ್ತು ಅವನ ಅಕ್ಕ, ಇಬ್ಬರೇ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ಒಂದು ದಿನ ಬಟ್ಟೆಯ ದೊಡ್ಡ ಸುರುಳಿ ಉರುಳಿ ಅವಳ ಸೊಂಟದ ಎಡಭಾಗದ ಮೇಲೆ ಬಿತ್ತು. ಅಂದಿನಿಂದ ಕೋಲು ಹಿಡಿದು ಮನೆಯೊಳಗೆ ಓಡಾಡಬಲ್ಲಳು, ನೆಟ್ಟನೆಯ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಮುಖ ಸುಣ್ಣವಾಗುತ್ತದೆ. ಬಸ್ಸು, ಬಾಡಿಗೆ ಕಾರು ಯಾವುದೂ ಆಗದು. ಅವರಪ್ಪನ ಕಾರಿನಲ್ಲಿ ಮಾತ್ರ ಐದು ಗಂಟೆ ಕೂತು ಹೋಗಿ ಬರುತ್ತಿದ್ದಳು.

ಅಪ್ಪ ಆ ಗಿರಣಿಯ ಯಜಮಾನರ ಡ್ರೈವರ್. ಯಜಮಾನರು ತೀರಿಹೋದಾಗ ಆ ಮನೆಯವರು ಕಾರನ್ನು ಡ್ರೈವರಿಗೇ ಕೊಟ್ಟುಬಿಟ್ಟರು. ಎರಡೇ ಬಾಗಿಲು, ಮುಂದೆ ಇಬ್ಬರು ರಾಜರ ಹಾಗೆ ಕೂರಬಹುದು, ಹಿಂದೆ ಎರಡು ಚೀಲ ಕೂರಬಹುದು. ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಹೊರಟರೆ ಸಂಜೆ ಸಮುದ್ರದ ಅಂಚಿನಲ್ಲಿ ಇಳಿಯಬೇಕು, ಇಳಿದವರಿಗೆ ಕೂತಿದ್ದೇ ನೆನಪಿರಬಾರದು, ಅಂಥ ದೂರದ ಪಯಣಕ್ಕೆಂದೇ ಮಾಡಿದ ಕಾರು. ವರ್ಷಕ್ಕೆರಡು ಸಲ ಅಪ್ಪ ಮಗಳನ್ನು ಅದರಲ್ಲಿ ಕೂರಿಸಿಕೊಂಡು ಸಮುದ್ರದ ಊರಿಗೆ ಹೋಗುತ್ತಿದ್ದ. ಗಿರಣಿಯಲ್ಲಿ ಅವಳ ಪಕ್ಕದ ಮಗ್ಗದಲ್ಲಿದ್ದ ಗೆಳತಿ ಅಲ್ಲಿ ಇರುವುದು. ಹದಿನೆಂಟು ವರ್ಷ ಹಾಗೇ ನಡೆಯಿತು. ತಕ್ಕಡಿ ಆಗೆಲ್ಲ ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಬೇರೆ ಊರುಗಳಲ್ಲಿದ್ದ, ಒಂದು ಸಲವೂ ಜೊತೆಗೆ ಹೋದವನಲ್ಲ. ಆರು ವರ್ಷದ ಹಿಂದೆ ಅಪ್ಪ ಸತ್ತ. ಕಾರು ಶೆಡ್ಡಿನಲ್ಲಿ ಮಲಗಿತು. ಅಕ್ಕ ಮನೆಯಲ್ಲಿ ಉಳಿದಳು.

ಒಂದು ಭಾನುವಾರ ಗೆಳತಿಯ ಫೋನು ಬಂತು. ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಅವಳು ಅಲ್ಲಿ ಪಿಸುಗುಟ್ಟಿದರೂ ಇಲ್ಲಿ ಪಕ್ಕದ ಮನೆಯವರು ಉತ್ತರ ಕೊಡಬಹುದು.

"ಕಣ್ಣು ಹೋಗ್ತಾ ಇದೆ ಕಣೇ," ಅಂದಳು. "ಡಾಕ್ಟ್ರು ಇನ್ನು ನಾಕೈದು ತಿಂಗಳು ಅಂದ್ರು. ಕತ್ತಲಾಗೋದ್ರೊಳಗೆ ಒಂದ್ಸಲ ನಿನ್ನ ಮುಖ ನೋಡ್ಬೇಕು. ಬಾರೇ."

"ನೀನೇ ಬಾ."

"ನಂಗೆ ದಾರಿ ಕಾಣ್ಸಲ್ಲ, ನಿಂಗೆ ಕೂರಕ್ಕಾಗಲ್ಲ. ಒಳ್ಳೇ ಜೋಡಿ ನಾವು!"

ಇಬ್ಬರೂ ನಕ್ಕರು. ಊಟ ಮಾಡುತ್ತಿದ್ದ ತಕ್ಕಡಿ ಎದ್ದು ನಿಂತ. "ಅಕ್ಕ, ಅಪ್ಪನ ಕಾರು ರೆಡಿ ಮಾಡಿಸ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ. ಮೂರು ತಿಂಗಳು ಕೊಡು."

ನಾನು ಸ್ಟಿಯರಿಂಗ್ ಹಿಡಿದದ್ದು ಅದರ ಮಾರನೆಯ ದಿನ.

ಮೆಕ್ಯಾನಿಕ್ಕನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಅವನು ಕೆಟ್ಟವನಲ್ಲ. ಬೋಲ್ಟು ಬಿಚ್ಚಿದರೆ ಸುಖಪಡುವ ಜಾತಿ, ಅಷ್ಟೇ. ಇಲಿಗಳು ಮನೆ ಮಾಡಿದ್ದ ಎಂಜಿನ್ನನ್ನು ತೊಳೆದು, ಕಾರ್ಬುರೇಟರ್ ಕೂರಿಸಿ, ಬ್ರೇಕು ಬದಲಿಸಿ, ಮೂರೇ ವಾರದಲ್ಲಿ ಕಾರು ಕೆಮ್ಮುವ ಹಾಗೆ ಮಾಡಿದ. ನಾಲ್ಕನೆಯ ವಾರಕ್ಕೆ ಅದು ಹಾಡತೊಡಗಿತು. ಅವತ್ತೇ ಅಕ್ಕನನ್ನು ಕೂರಿಸಿಕೊಂಡು ಹೊರಟಿದ್ದರೆ ನಾನು ಈ ಕಥೆ ಹೇಳುತ್ತಾ ಕೂರಬೇಕಿರಲಿಲ್ಲ.

ಆದರೆ ಅವತ್ತು ತಕ್ಕಡಿ ಕಾರನ್ನು ಬೀದಿಯಲ್ಲಿ ಒಂದು ಸುತ್ತು ಹಾಕಿಸಿದ. ಮೂಲೆ ಮನೆಯ ಗೇಟಿನ ಹತ್ತಿರ ಸೀಟಿ ಕೂತಿದ್ದ. ಸೀಟಿ ಅಂದರೆ, ಸೀಟಿ ಊದಿ ಊದಿ ಆ ಹೆಸರು ಪಡೆದ ನಿವೃತ್ತ ಟ್ರಾಫಿಕ್ ಪೇದೆ. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಹೋಗಿ ಬರುವ ಗಾಡಿಗಳಿಗೆಲ್ಲ ಕುರ್ಚಿಯಿಂದಲೇ ತೀರ್ಪು ಕೊಡುತ್ತಿದ್ದ.

"ಬಾರಯ್ಯ ಇಲ್ಲಿ! ಇದೇನು ಕಾರಾ, ಹಾಸಿಗೆಯಾ?"

"ಯಾಕಣ್ಣ?"

"ಮೂಲೆ ತಿರುಗೋಕೆ ಮೂರು ದಿನ ಮುಂಚೆ ಅರ್ಜಿ ಹಾಕೋ ಹಾಗಿದೆ. ಮೂತಿ ಈ ಬೀದೀಲಿ ತಿರುಗಿದ್ರೆ ಬಾಲಕ್ಕೆ ಮುಂದಿನ ಬೀದೀಲಿ ಸುದ್ದಿ ಮುಟ್ಟುತ್ತೆ." ಆಮೇಲೆ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದ. "ಅದೇನದು? ಒಂದು ಕಡೆ ವಾಲಿಕೊಂಡಿದೆ! ಅಯ್ಯೋ, ಅಳತೆ ಸಾಹೇಬ್ರ ಕಾರೇ ಓರೆ!"

ಬೇರೆ ಯಾರಿಗಾದರೂ ಹೇಳಿದ್ದರೆ ನಗುತ್ತಿದ್ದರು. ತಕ್ಕಡಿಗೆ ಹೇಳಿದರೆ? ಕಾರಿನಿಂದ ಇಳಿದೇಬಿಟ್ಟ. ಸೀದಾ ಮನೆಗೆ ಹೋಗಿ ಓರೆ ನೋಡುವ ರಸಮಟ್ಟ ತಂದು ಬಾನೆಟ್ಟಿನ ಮೇಲೆ ಅಡ್ಡಕ್ಕೆ ಇಟ್ಟ. ಗಾಜಿನೊಳಗಿನ ಗುಳ್ಳೆ ಎಡಕ್ಕೆ ಓಡಿ ಮೂಲೆ ಹಿಡಿದು ಕೂತಿತು. ರಸ್ತೆಯ ತಪ್ಪಿರಬಹುದೆಂದು ಕಾರು ತಿರುಗಿಸಿ ಇಟ್ಟ. ಗುಳ್ಳೆ ಮತ್ತೆ ಕಾರಿನ ಎಡಕ್ಕೇ ಓಡಿತು. ಅಳೆದ. ಎಡಗಡೆ ಎರಡು ಬೆರಳು ಎತ್ತರ.

ಆ ದಿನ ಅವನು ಊಟ ಮಾಡಲಿಲ್ಲ.

"ಓರೆ ತೆಗೀಬೇಕಾದ್ರೆ ಕೆಳಗಿರೋದೆಲ್ಲ ಬಿಚ್ಚಬೇಕು ಸಾರ್," ಅಂದ ಮೇಸ್ತ್ರಿ, ಕಣ್ಣಲ್ಲಿ ದೀಪ ಹಚ್ಚಿಕೊಂಡು. "ಬಿಚ್ಚಿದ ಮೇಲೆ ಹಳೇದನ್ನೇ ಯಾಕೆ ಹಾಕೋದು? ಚೂಪು ಮಾಡಿಬಿಡೋಣ."

"ಚೂಪು ಅಂದ್ರೆ?"

"ಅಂದ್ರೆ, ನೀವು ಎಡಕ್ಕೆ ಅಂತ ಮನಸ್ಸಲ್ಲಿ ಅಂದ್ಕೊಳ್ಳೋದ್ರೊಳಗೆ ಅದು ತಿರುಗಿ ನಿಮ್ಮನ್ನ ಕಾಯ್ತಿರ್ಬೇಕು."

ತಕ್ಕಡಿಗೆ ಸೀಟಿಯ ಮುಖ ನೆನಪಾಯಿತು. "ಮಾಡಿ," ಅಂದ.

ಬಿಚ್ಚುತ್ತಾ ಹೋದ ಹಾಗೆ ಅಪ್ಪನ ಮಾನವೂ ಒಂದೊಂದೇ ಬೋಲ್ಟಿನ ಜೊತೆ ನೆಲಕ್ಕೆ ಬಿತ್ತು. ಎಡಗಡೆಯ ಸ್ಪ್ರಿಂಗುಗಳು ಬಲಗಡೆಯವುಗಳಂಥವಲ್ಲ, ಯಾವುದೋ ಬೇರೆ ಗಾಡಿಯವು, ಉದ್ದ, ಮೆತ್ತಗೆ. ಎಡಗಡೆ ಸೀಟಿನ ಕೆಳಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಕೆತ್ತಿದ ಮರದ ತುಂಡು. ಅದರ ಮೇಲೆ ರಟ್ಟಿನ ಚೂರುಗಳು, ಒಂದರ ಮೇಲೊಂದು. ಸೀಟಿನ ಹೊಟ್ಟೆಯಲ್ಲಿ ಸ್ಪಂಜು, ಅದರೊಳಗೆ ಉಣ್ಣೆ, ಅದರೊಳಗೆ ಹಳೆಯ ಕಂಬಳಿಯ ತುಂಡು.

ಮೇಸ್ತ್ರಿ ಒಂದೊಂದನ್ನೂ ಎತ್ತಿ ಹಿಡಿದು ತೋರಿಸುವನು. ತಕ್ಕಡಿ ತಲೆ ತಗ್ಗಿಸುವನು.

"ಇದನ್ನ ಯಾರು ಸಾರ್ ಮಾಡಿದ್ದು?"

"ನಮ್ಮಪ್ಪ."

"ಡ್ರೈವರ್ ಅಂದ್ರಿ?"

"ಮೂವತ್ತು ವರ್ಷ. ಈಗ ಹೇಳ್ಕೊಳ್ಳೋಕೆ ನಾಚ್ಕೆ ಆಗುತ್ತೆ ಮೇಸ್ತ್ರಿ. ತಪ್ಪು ತಿಳ್ಕೋಬೇಡಿ, ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಸತ್ತವರ ಪರವಾಗಿ ಕಬ್ಬಿಣದ ಹತ್ತಿರ ಕ್ಷಮೆ ಕೇಳಿದವನು ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಅಷ್ಟಕ್ಕೇ ಬಿಟ್ಟನೇ? ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡರೆ ಮರ್ಯಾದೆ ಉಳಿಯುತ್ತದೆಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಹೇಳಿದ್ದೇ ತಡ, ಎಲ್ಲರಿಗೂ ಒಂದೊಂದು ನೆನಪಾಯಿತು. ಹಾಲಿನ ಅಂಗಡಿಯವನು, "ಕೊನೆಕೊನೆಗೆ ಅವರಿಗೆ ಕಣ್ಣು ಕಾಣ್ತಿರಲಿಲ್ಲ ಅನ್ಸುತ್ತೆ, ಪಾಪ," ಅಂದ. ಕ್ಷೌರದವನು, "ಕಾಸು ಬಿಚ್ಚೋ ಆಸಾಮಿ ಅಲ್ಲ, ಅದಕ್ಕೇ ರಟ್ಟು ಹಾಕಿದಾರೆ," ಅಂದ. ಸೀಟಿಯಂತೂ, ಆ ಮನುಷ್ಯ ನೊಣಕ್ಕಿಂತ ನಿಧಾನವಾಗಿ ಗಾಡಿ ಓಡಿಸಿದ್ದಕ್ಕೆ ತಾನು ಒಂದು ಸಲ ಹಿಡಿದು ನಿಲ್ಲಿಸಿದ್ದೆ ಅಂತ ಶುರುಮಾಡಿ, ವಾರ ಕಳೆಯುವುದರೊಳಗೆ ನಾಲ್ಕು ಸಲ ಅಂತ ಮಾಡಿದ. ಒಂದು ತಿಂಗಳಲ್ಲಿ ಆ ಒಳ್ಳೆಯ ಡ್ರೈವರು ನಮ್ಮ ಬೀದಿಯಲ್ಲಿ ಕುರುಡ, ಜಿಪುಣ, ತಲೆಕೆಟ್ಟವ ಮೂರೂ ಆದ. ನಾನೇನು ಬೇರೆಯೇ? "ಅವರ ಕೈ ನಡುಗ್ತಿತ್ತು, ನಾನೇ ನೋಡಿದೀನಿ," ಅಂದುಬಿಟ್ಟೆ. ನೋಡಿರಲಿಲ್ಲ. ಸುಮ್ಮನೆ ಕೂರುವುದು ಹೇಗೆ, ಎಲ್ಲರೂ ಒಂದೊಂದು ಹೇಳುತ್ತಿರುವಾಗ?

ಈ ಮಾತು ಅಕ್ಕನ ಕಿವಿಗೂ ಬಿತ್ತು, ತಮ್ಮನ ಬಾಯಿಂದಲೇ. ಊಟಕ್ಕೆ ಕೂತಿದ್ದಾಗ ಅವನು ಅಂದ, "ಅಕ್ಕ, ಅಪ್ಪನಿಗೆ ಕಾರಿನ ವಿಷಯ ಏನೂ ಗೊತ್ತಿರಲಿಲ್ಲ."

ಅವಳು ಚಮಚ ಕೆಳಗಿಟ್ಟಳು. "ಯಾರು ಹೇಳಿದ್ದು?"

"ಕಾರೇ ಹೇಳ್ತಿದೆ."

"ಮರಿ, ಅಪ್ಪ ಹೇಗಿಟ್ಟಿದ್ರೋ ಹಾಗೇ ಇರ್ಲಿ. ಓಡಿದ್ರೆ ಸಾಕು ನಂಗೆ."

ನಲವತ್ತೆಂಟರ ಮರಿ ನಕ್ಕಿತು. "ನೀನು ಸುಮ್ನಿರಕ್ಕ. ಪಕ್ಕದಲ್ಲಿ ಕೂತವಳು ನೀನು, ನಿಂಗೇನು ಗೊತ್ತಾಗುತ್ತೆ?"

"ಅಲ್ವೋ, ನಾನು ಹೇಳೋದು..."

"ನೀನು ನೋಡ್ತಿರು. ಮುಗಿಯೋವರೆಗೆ ಗ್ಯಾರೇಜಿನ ಕಡೆ ತಲೆ ಹಾಕ್ಬೇಡ. ನಿಂಗೋಸ್ಕರ ಮಾಡಿಸ್ತಿರೋದು!"

ನಿನಗೋಸ್ಕರ ಎಂದವರ ಬಾಯಿ ಮುಚ್ಚಿಸುವುದು ಹೇಗೆ? ತನ್ನ ನೋವಿನ ಮಾತು ಎತ್ತುವ ಅಭ್ಯಾಸವೂ ಅವಳಿಗಿರಲಿಲ್ಲ. ಅವಳು ಮತ್ತೆ ಚಮಚ ಎತ್ತಿಕೊಂಡಳು. ಆ ವಾರವೇ ಗೆಳತಿಗೆಂದು ಬಣ್ಣ ಎದ್ದು ಕಾಣುವ ಶಾಲು ಹೆಣೆಯಲು ಶುರುಮಾಡಿದಳು, ಕಡುಗೆಂಪು, ಕಡುಹಳದಿ. ತೆಳು ಬಣ್ಣ ಗೆಳತಿಗೆ ಆಗಲೇ ಕಾಣುತ್ತಿರಲಿಲ್ಲ.

ಅತ್ತ ಕಾರು ಚೂಪಾಗುತ್ತಿತ್ತು. ಗಿಡ್ಡ, ಗಟ್ಟಿ ಸ್ಪ್ರಿಂಗು. ಕಲ್ಲಿನಂಥ ಶಾಕ್ ಅಬ್ಸಾರ್ಬರು. ಕೀಲುಗಳಲ್ಲಿ ರಬ್ಬರಿನ ಬುಷ್ ಇದ್ದಲ್ಲೆಲ್ಲ ಉಕ್ಕಿನದು. ಚಕ್ರ ದೊಡ್ಡದು, ಟೈರು ಮಾತ್ರ ಬಳೆಯಷ್ಟು ತೆಳು. ಅರ್ಧ ಸುತ್ತಿಗೇ ಚಕ್ರ ಪೂರಾ ತಿರುಗುವ ಸ್ಟಿಯರಿಂಗು. ಹಳೆಯ ಸೀಟು ಹೋಗಿ, ರೇಸಿನವರು ಕೂರುವ, ಬಕೆಟಿನ ಹಾಗೆ ಸೊಂಟ ಹಿಡಿಯುವ ಗಟ್ಟಿ ಸೀಟು ಬಂತು. ಕೊನೆಗೆ ತಕ್ಕಡಿ ರಸಮಟ್ಟ ಇಟ್ಟ. ಗುಳ್ಳೆ ಓಡಿ ಬಂದು ಸರಿಯಾಗಿ ನಡುವೆ ನಿಂತಿತು. ಅವನ ಕಣ್ಣಲ್ಲಿ ನೀರು ಬಂತಂತೆ. ಮೇಸ್ತ್ರಿಯೇ ಹೇಳಿದ್ದು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಸಾರಿಗೆ ಕಚೇರಿಯಲ್ಲಿ ತೋರಿಸಿ ಸಹಿ ಹಾಕಿಸಬೇಕು. ಅಲ್ಲಿಯ ಸಾಹೇಬರು ಫೈಲು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಎಡಗಡೆ ಸೀಟಿನಲ್ಲಿ ಕೂತರು. "ನಿಧಾನಕ್ಕೆ ಒಂದು ರೌಂಡು ಹೋಗಿ," ಅಂದರು. ಮೊದಲ ತಿರುವಿನಲ್ಲಿ ಅವರ ಟೋಪಿ ಕಿಟಕಿಯಿಂದ ಹೊರಗೆ ಹೋಯಿತು. ಎರಡನೆಯ ತಿರುವಿನಲ್ಲಿ ಅವರು ತಮ್ಮ ಟೋಪಿಯನ್ನೇ ಹಿಂದೆ ಹಾಕಿದರು. ಇಳಿಯುವಾಗ ಕಿವಿಯಿಂದ ಗಲ್ಲದವರೆಗೆ ಪೆನ್ನಿನ ಗೆರೆ ಬಿದ್ದಿತ್ತು. ಸಹಿ ಹಾಕಿದರೆ ಅದು ಬೇರೆ ಯಾರದೋ ಸಹಿಯಾಯಿತು.

"ಕಾನೂನಿನ ಪ್ರಕಾರ ಎಲ್ಲಾ ಸರಿಯಾಗಿದೆ," ಅಂದರು, ಸೊಂಟ ಹಿಡಿದುಕೊಂಡು. "ಇದರಲ್ಲಿ ಪಕ್ಕದಲ್ಲಿ ಕೂರೋರು ಯಾರು?"

"ನಮ್ಮಕ್ಕ, ಸಾರ್."

"ಅವರು ನಿಮಗೇನು ಅನ್ಯಾಯ ಮಾಡಿದ್ರು?"

ತಕ್ಕಡಿ ಇದನ್ನು ಹೊಗಳಿಕೆ ಅಂದುಕೊಂಡ. ಹೊಗಳಿಕೆ ಅಂದುಕೊಂಡೇ ಬೀದಿಗೆಲ್ಲ ಹೇಳಿದ.

ಹೊರಡುವ ದಿನ ಬಂತು. ಬೆಳಿಗ್ಗೆ ಆರಕ್ಕೆ ಬೀದಿಯೆಲ್ಲ ಎದ್ದು ನಿಂತಿತ್ತು. ಸೀಟಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಮೂಲೆಯಲ್ಲಿ ನಿಂತಿದ್ದ. ಮೇಸ್ತ್ರಿ ಬಟ್ಟೆ ಹಿಡಿದು, ಹೊಳೆಯುವುದನ್ನೇ ಮತ್ತೆ ಉಜ್ಜುತ್ತಿದ್ದ. ಗೆಳತಿಗೆ ಹಿಂದಿನ ದಿನವೇ ಫೋನು ಹೋಗಿತ್ತು, ಹನ್ನೊಂದಕ್ಕೆ ಮುಟ್ಟುತ್ತೇವೆ ಅಂತ. "ನಾನು ಏಳಕ್ಕೇ ಕುರ್ಚಿ ಹೊರಗೆ ಹಾಕ್ಕೊಂಡು ರಸ್ತೆ ನೋಡ್ತಾ ಕೂತ್ಕೋತೀನಿ," ಅಂದಿದ್ದು ನಮಗೆಲ್ಲ ಕೇಳಿಸಿತ್ತು.

ಅಕ್ಕ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದಳು. ಹೊಸ ಚಪ್ಪಲಿ, ಕೈಯಲ್ಲಿ ಶಾಲಿನ ಚೀಲ. ಬಾಗಿಲು ತೆಗೆದು ನಿಂತ ತಮ್ಮನ ಮುಖ ನೋಡಿ ನಕ್ಕಳು. ಆಮೇಲೆ, ಕೂರುವ ಮೊದಲು, ಅಭ್ಯಾಸದ ಹಾಗೆ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಮರಿ, ಇಲ್ಲಿದ್ದ ಮರದ ತುಂಡು?"

"ಅಯ್ಯೋ ಅದಾ! ನೋಡು ಅಕ್ಕ, ಅಪ್ಪ ಏನೇನು ತುರುಕಿಟ್ಟಿದ್ರು! ಮೇಸ್ತ್ರಿ ಅದರಲ್ಲಿ ಟೀ ಕಾಯಿಸಿಬಿಟ್ಟ."

"ಎರಡು ಸಲ ಆಯ್ತು ಅಕ್ಕ," ಅಂದ ಮೇಸ್ತ್ರಿ ಹೆಮ್ಮೆಯಿಂದ. "ಒಳ್ಳೇ ಮರ."

"ಈ ಕಡೆ ಸ್ಪ್ರಿಂಗು?"

"ಗುಜರಿಗೆ ಹೋಯ್ತು," ಅಂದ ತಕ್ಕಡಿ. ಅನ್ನುತ್ತಾ ಅನ್ನುತ್ತಾ ಅವನ ದನಿ ಇಳಿಯಿತು. "ಯಾಕಕ್ಕ? ನಿಂಗೆ ಅದೆಲ್ಲ ಹೇಗೆ ಗೊತ್ತು?"

ಅಕ್ಕ ಕಾರಿನ ಮೇಲೆ ಕೈಯಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು.

"ಎಡಗಡೆ ಎತ್ತರ ಇದ್ರೆ ಭಾರ ಬಲಗಡೆ ಬೀಳುತ್ತೆ. ನೋವಿಲ್ಲದ ಕಡೆ," ಅಂದಳು. "ಅಪ್ಪ ಯಾವತ್ತೂ ಕೇಳಿದೋರಲ್ಲ, ನಾನೂ ಹೇಳಿದೋಳಲ್ಲ. ಪ್ರತಿ ಸಲ ಹೋಗಿ ಬಂದ ಮೇಲೆ ನನ್ನ ಮುಖ ನೋಡೋರು. ಒಂದು ರಟ್ಟು ಇಡೋರು, ಇಲ್ಲ ಒಂದು ರಟ್ಟು ತೆಗೆಯೋರು. ಹದಿನೆಂಟು ವರ್ಷ."

ಹಾಲಿನ ಅಂಗಡಿಯವನು ತನ್ನ ಪಾತ್ರೆ ನೋಡಿದ. ಕ್ಷೌರದವನು ತನ್ನ ಕೈ ನೋಡಿಕೊಂಡ. ನಾನು ಎಲ್ಲಿ ನೋಡಿದೆ ಅಂತ ಕೇಳಬೇಡಿ.

"ಇಳಿಸು ಅಕ್ಕ, ಚೀಲ ಇಳಿಸು," ಅಂದ ತಕ್ಕಡಿ. "ಬೇಡ. ಇವತ್ತು ಬೇಡ. ಮತ್ತೆ ಮಾಡಿಸ್ತೀನಿ."

"ಎಷ್ಟು ದಿನಕ್ಕೆ?"

ತಕ್ಕಡಿ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಬಟ್ಟೆಯಿಂದ ತನ್ನ ಮುಖವನ್ನೇ ಉಜ್ಜಿಕೊಂಡ. "ಹಾಕೋದು ಹಾಕಬಹುದು ಸಾರ್. ಆದ್ರೆ ಎಷ್ಟು ಎತ್ತರ, ಎಷ್ಟು ಮೆತ್ತಗೆ ಅಂತ ಅಳತೆ ಯಾರ ಹತ್ರ ಇದೆ?"

ಅಳತೆ ಕಚೇರಿಯ ಮನುಷ್ಯ ಎರಡು ಬೆರಳು ಜೋಡಿಸಿ ಹಿಡಿದು, ಮತ್ತೆ ಮಡಚಿಕೊಂಡ.

"ಅವಳ ಕಣ್ಣು ಅಷ್ಟು ದಿನ ಕಾಯಲ್ಲ," ಅಂದಳು ಅಕ್ಕ. "ನಡಿ, ನೋಡೋಣ." ಎರಡು ಕೈಯಲ್ಲೂ ಬಾಗಿಲು ಹಿಡಿದು, ಆ ಬಕೆಟಿನೊಳಗೆ ಮೆಲ್ಲಗೆ ಇಳಿದು ಕೂತಳು. ಬಾವಿಗೆ ಇಳಿಯುವವರೂ ಅಷ್ಟು ಎಚ್ಚರದಿಂದ ಇಳಿಯುವುದಿಲ್ಲ.

ಕಾರು ಹೊರಟಿತು. ಮೂಲೆಗೆ ಬಂತು. ಏನು ತಿರುವು ಅಂತೀರಿ! ಕತ್ತರಿಯಲ್ಲಿ ಕಾಗದ ಕತ್ತರಿಸಿದ ಹಾಗೆ. ಸೀಟಿಯ ಕೈ ಚಪ್ಪಾಳೆಗೆಂದು ತಾನಾಗಿ ಎದ್ದಿತು, ಅಲ್ಲೇ ನಿಂತಿತು. ತಿರುವಿನ ಆಚೆಗೆ ರಸ್ತೆಯಲ್ಲಿ ಎರಡು ಉಬ್ಬುಗಳಿದ್ದವು. ಮೊದಲನೆಯ ಉಬ್ಬಿಗೆ ಒಂದು ಸದ್ದು ಕೇಳಿತು. ಎರಡನೆಯ ಉಬ್ಬಿಗೆ ಇನ್ನೊಂದು. ಮೊದಲನೆಯದು ಕಾರಿನದು. ಕಾರು ನಿಂತಿತು.

ನಾವೆಲ್ಲ ಮೂಲೆಗೆ ಓಡಿದೆವು. ನನ್ನ ಕಾಲು ಓಡುವ ಕಾಲಲ್ಲ, ಆದರೂ ಎಲ್ಲರಿಗಿಂತ ಮೊದಲು ಮುಟ್ಟಿದೆ, ಬೇಕಾದರೆ ನಂಬಿ. ಅಕ್ಕ ಹೊರಗೆ ನಿಂತಿದ್ದಳು, ಎರಡು ಕೈಯಲ್ಲೂ ಕೋಲು ಹಿಡಿದು. ಮುಖ ಬೂದಿ.

"ಎತ್ಕೊಂಡು ಹೋಗ್ತೀನಿ ಅಕ್ಕ," ಅಂತ ತಕ್ಕಡಿ ಅಳುವ ದನಿಯಲ್ಲಿ ಅನ್ನುತ್ತಿದ್ದ.

"ಮುಟ್ಟಬೇಡ ಮರಿ. ಮುಟ್ಟಿದ್ರೆ ಬೀಳ್ತೀನಿ. ನೀನು ಕಾರು ತಗೊಂಬಾ, ದಾರಿಗೆ ಅಡ್ಡ ಇದೆ."

ಅವಳು ಮನೆಯ ಕಡೆ ತಿರುಗಿ ನಡೆದಳು. ಒಂದು ಹೆಜ್ಜೆ, ನಿಲ್ಲುವುದು. ಇನ್ನೊಂದು ಹೆಜ್ಜೆ, ನಿಲ್ಲುವುದು. ಹಿಂದೆ ಕಾರು. ಚೂಪು ಮಾಡಿದ ಕಾರಿಗೆ ನಿಧಾನ ಬಾರದು. ಒಂದು ಮೊಳ ಹಾರುವುದು, ಕೆಮ್ಮುವುದು, ಆರಿಹೋಗುವುದು. ತಕ್ಕಡಿ ಮತ್ತೆ ಕೀಲಿ ತಿರುಗಿಸುವನು. ಮತ್ತೆ ಒಂದು ಮೊಳ. ಸೀಟಿ ರಸ್ತೆಯ ನಡುವೆ ನಿಂತು, ಬರದೇ ಇದ್ದ ಗಾಡಿಗಳನ್ನೆಲ್ಲ ಕೈಯೆತ್ತಿ ತಡೆದ. ಕಾರು ಅವನ ಪಕ್ಕಕ್ಕೆ ಬಂದಾಗ ಏನು ಹೇಳಬೇಕೋ ತೋಚದೆ, "ತಿರುವು ಚೆನ್ನಾಗಿ ತಗೊಂಡೆ ಕಣಯ್ಯ," ಅಂದ. ನೂರು ಹೆಜ್ಜೆಯ ದಾರಿ. ಮಗು ಹುಟ್ಟಿ ಶಾಲೆಗೆ ಸೇರುವಷ್ಟು ಹೊತ್ತಾಯಿತು.

ಒಳಗೆ ಅಕ್ಕನನ್ನು ಬಲಮಗ್ಗುಲಿಗೆ ಮಲಗಿಸಿದೆವು. ನಾನು ಬಿಸಿನೀರಿನ ಚೀಲ ಹಿಡಿದು ಕೂತೆ. ತಕ್ಕಡಿ ಬಾಗಿಲ ಹತ್ತಿರ ನೆಲದ ಮೇಲೆ ಕುಕ್ಕರಿಸಿದ್ದ. ಎದುರು ಗೋಡೆಯ ಮೇಲೆ ಅಪ್ಪನ ಫೋಟೋ ಸ್ವಲ್ಪ ವಾಲಿತ್ತು. ಅವನು ನೋಡಿದ, ಎದ್ದು ಸರಿಮಾಡಲಿಲ್ಲ. ಗಡಿಯಾರ ಒಂಬತ್ತಾಯಿತು, ಹತ್ತಾಯಿತು. ಹನ್ನೊಂದು ಹೊಡೆಯಿತು.

ಫೋನು ಬಡಿದುಕೊಂಡಿತು.

ತಕ್ಕಡಿ ಅದನ್ನು ಹಾವು ನೋಡಿದಂತೆ ನೋಡಿದ. "ನಾನು ಹೇಳ್ತೀನಿ ಅಕ್ಕ. ತಪ್ಪು ನಂದು, ನಾನೇ ಹೇಳ್ತೀನಿ," ಅಂತ ಎತ್ತಿಕೊಂಡ. ಕಿವಿಗಿಟ್ಟ. ಆ ಕಡೆಯ ಗಂಟಲು ಮನೆಯೆಲ್ಲ ತುಂಬಿತು.

"ಎಲ್ಲೀವರೆಗೆ ಬಂದ್ರೇ? ಏಳು ಗಂಟೆಯಿಂದ ಕೂತಿದೀನಿ! ಕೆಂಪಗೆ ಕಂಡಿದ್ದಕ್ಕೆಲ್ಲ ಕೈ ಬೀಸಿ ಬೀಸಿ ಸಾಕಾಯ್ತು. ಈಗೊಂದು ಅಂಚೆ ಗಾಡಿಗೂ ಬೀಸಿದೆ! ಹಲೋ? ಕಾರು ಹೇಗಿದೆಯೇ? ನಿಮ್ಮಪ್ಪ ಓಡಿಸ್ತಿದ್ದ ಹಾಗೇ ಇದೆಯಾ?"

ಅಕ್ಕ ಮಲಗಿದಲ್ಲಿಂದಲೇ ಕೈ ಚಾಚಿದಳು. ತಕ್ಕಡಿ ಫೋನು ಕೊಟ್ಟ. ಅವಳು ಅದನ್ನು ಕಿವಿಗೆ ಇಟ್ಟುಕೊಂಡು, ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿದಳು. ಒಂದೇ ಮಾತು, ಕಾರು ಈಗ ಎಷ್ಟು ನೆಟ್ಟಗಿದೆ ಅನ್ನುವುದರ ಬಗ್ಗೆ, ದೂರಿನ ದನಿಯಿಲ್ಲದೆ. ಅದನ್ನು ಕೇಳಿ ಆ ತುದಿಯಲ್ಲಿದ್ದ ಗೆಳತಿ ಬಿದ್ದು ಬಿದ್ದು ನಕ್ಕಳು, ನಗು ಬೀದಿಯವರೆಗೂ ಹೋಯಿತು. ಈ ತುದಿಯಲ್ಲಿದ್ದ ತಮ್ಮ ಮುಖ ಮುಚ್ಚಿಕೊಂಡು ಹಿತ್ತಿಲಿಗೆ ಹೋದ.

ಅವಳು ಏನು ಹೇಳಿರಬಹುದು? ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ಗೊತ್ತು. ನೀವು ಹೇಳಿ ನೋಡೋಣ.